ಪ್ರಶ್ನೋತ್ತರ: ಕ್ಯಾಲೊರಿ ಅಳೆಯುವವರಿಗೆ, ಊಟ ಬಡಿಸುವವರಿಗೆ

ಆಹಾರದಲ್ಲಿ ಅಡಗಿರುವ ಶಕ್ತಿಯನ್ನು ಅಳೆಯುವ ಬಗೆಯನ್ನೂ ಸಮತೋಲನ ಆಹಾರದ ಆಯ್ಕೆಯನ್ನೂ ಕುರಿತು ಓದುಗರು ಬರೆದ ಪತ್ರಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆಯ್ದುಕೊಂಡಿದ್ದೇವೆ. ಉದ್ದದ ಪತ್ರಗಳನ್ನು ಸಂಕ್ಷೇಪಿಸಲಾಗಿದೆ.

ಪ್ರಶ್ನೆ: ಅರ್ಧ ಗ್ರಾಂ ತೂಕದ ಕಡಲೆಕಾಯಿ ಬೀಜವನ್ನು ಸೂಜಿಗೆ ಸಿಕ್ಕಿಸಿ, ಹೊತ್ತಿಸಿ, 100 ಮಿಲಿಲೀಟರ್ ನೀರಿದ್ದ ಡಬ್ಬಿಯ ಕೆಳಗೆ ಹಿಡಿದೆವು. ನೀರಿನ ಉಷ್ಣತೆ 26 ಡಿಗ್ರಿಯಿಂದ 38 ಡಿಗ್ರಿಗೆ ಏರಿತು. ಲೆಕ್ಕ ಹಾಕಿದಾಗ ಕೋಷ್ಟಕದಲ್ಲಿರುವ ಅಂಕಿಯ ಅರ್ಧವೂ ಬರಲಿಲ್ಲ. ಮಕ್ಕಳಿಗೆ ಏನೆಂದು ಹೇಳಲಿ?
– ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ, ಚಿತ್ರದುರ್ಗ ಜಿಲ್ಲೆ

ಉತ್ತರ: ಬಂದ ಅಂಕಿಯನ್ನೇ ಹೇಳಿ, ಉಳಿದ ಶಾಖ ಎಲ್ಲಿ ಹೋಯಿತು ಎಂದು ಮಕ್ಕಳನ್ನೇ ಕೇಳಿ. ಪ್ರಯೋಗದ ನಿಜವಾದ ಪಾಠ ಇರುವುದೇ ಆ ಪ್ರಶ್ನೆಯಲ್ಲಿ.

ಒಂದು ಗ್ರಾಂ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಬೇಕಾಗುವ ಶಾಖವೇ ಒಂದು ಕ್ಯಾಲೊರಿ. 100 ಗ್ರಾಂ ನೀರು 12 ಡಿಗ್ರಿ ಏರಿದೆಯೆಂದರೆ 1,200 ಕ್ಯಾಲೊರಿ, ಅಂದರೆ 1.2 ಕಿಲೊಕ್ಯಾಲೊರಿ ಶಾಖ ನೀರನ್ನು ಸೇರಿದೆ. ಬೀಜದ ತೂಕ ಅರ್ಧ ಗ್ರಾಂ ಆದ್ದರಿಂದ ಗ್ರಾಂಗೆ 2.4 ಕಿಲೊಕ್ಯಾಲೊರಿ ಎಂದಾಯಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೋಷ್ಟಕದ ಪ್ರಕಾರ ಕಡಲೆಕಾಯಿ ಬೀಜದಲ್ಲಿ ಗ್ರಾಂಗೆ 5 ಕಿಲೊಕ್ಯಾಲೊರಿಗಿಂತ ಹೆಚ್ಚು ಶಕ್ತಿಯಿದೆ. ಶಾಲೆಯ ಮೇಜಿನ ಮೇಲೆ ಮಾಡುವ ಪ್ರಯೋಗದಲ್ಲಿ ಅರ್ಧದ ಹತ್ತಿರ ಬಂದರೆ ಅದು ಒಳ್ಳೆಯ ಫಲಿತಾಂಶವೇ ಸರಿ. ಎಷ್ಟೋ ಶಾಲೆಗಳಲ್ಲಿ ಕಾಲು ಭಾಗವೂ ಸಿಗುವುದಿಲ್ಲ.

ಜ್ವಾಲೆಯ ಶಾಖದಲ್ಲಿ ದೊಡ್ಡ ಪಾಲು ಡಬ್ಬಿಯ ಪಕ್ಕದಿಂದ ಗಾಳಿಗೆ ಹೋಗುತ್ತದೆ. ಸ್ವಲ್ಪ ಶಾಖ ಡಬ್ಬಿಯನ್ನು ಬಿಸಿಮಾಡಲು ವೆಚ್ಚವಾಗುತ್ತದೆ, ಅದು ನಿಮ್ಮ ಲೆಕ್ಕದಲ್ಲಿ ಬಂದಿಲ್ಲ. ಡಬ್ಬಿಯ ತಳಕ್ಕೆ ಮೆತ್ತಿಕೊಂಡ ಮಸಿ ಎಂದರೆ ಪೂರ್ತಿ ಉರಿಯದೆ ಉಳಿದ ಇಂಗಾಲ. ಸೂಜಿಯ ತುದಿಯಲ್ಲಿ ಉಳಿದ ಕಪ್ಪು ಗಟ್ಟಿಯೂ ಅದೇ. ಆದ್ದರಿಂದ ಬೀಜವನ್ನು ಸುಡುವ ಮೊದಲು ಮಾತ್ರವಲ್ಲ, ಸುಟ್ಟ ನಂತರವೂ ತೂಗಿ, ಕಳೆದುಹೋದ ತೂಕದಿಂದ ಭಾಗಿಸಬೇಕು. ತೆಳುವಾದ ತಗಡಿನ ಡಬ್ಬಿಯನ್ನು ಬಳಸಿ, ಅದರ ಸುತ್ತ ಕೆಳಗಡೆ ತೂತುಗಳಿರುವ ದೊಡ್ಡ ಡಬ್ಬಿಯೊಂದನ್ನು ಕವಚದಂತೆ ನಿಲ್ಲಿಸಿ, ನೀರನ್ನು ಕಲಕುತ್ತ ಉಷ್ಣತೆ ನೋಡಿದರೆ ಅಂಕಿ ಗಣನೀಯವಾಗಿ ಸುಧಾರಿಸುತ್ತದೆ. ಫ್ಯಾನ್ ಆರಿಸುವುದನ್ನು ಮರೆಯಬೇಡಿ. ಕಡಲೆಕಾಯಿಯ ಅಲರ್ಜಿ ಇರುವ ಮಕ್ಕಳಿದ್ದಾರೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು. ಅಂಥವರಿದ್ದರೆ ಈ ಪ್ರಯೋಗವನ್ನು ಒಣಗಿದ ಚಪಾತಿಯ ಚೂರಿನಿಂದ ಮಾಡಬಹುದು.

ಪ್ರಯೋಗಾಲಯದಲ್ಲಿ ಈ ನಷ್ಟಗಳನ್ನೆಲ್ಲ ತಡೆಯಲೆಂದೇ ಬಾಂಬ್ ಕ್ಯಾಲೊರಿಮೀಟರ್ ಎಂಬ ಉಪಕರಣವಿದೆ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಮಾರ್ಸೆಲಿನ್ ಬರ್ತಲೋ ಅದನ್ನು 19ನೆಯ ಶತಮಾನದ ಕೊನೆಯ ಭಾಗದಲ್ಲಿ ರೂಪಿಸಿದರು. ಆಹಾರವನ್ನು ಒಣಗಿಸಿ, ಪುಡಿಮಾಡಿ, ಸುಮಾರು ಒಂದು ಗ್ರಾಂ ತೂಕದ ಬಿಲ್ಲೆಯಾಗಿ ಒತ್ತಿ, ದಪ್ಪ ಉಕ್ಕಿನ ಪಾತ್ರೆಯೊಳಗಿಟ್ಟು, ವಾಯುಭಾರದ 25ರಿಂದ 30 ಪಟ್ಟು ಒತ್ತಡದಲ್ಲಿ ಆಮ್ಲಜನಕವನ್ನು ತುಂಬುತ್ತಾರೆ. ಆ ಪಾತ್ರೆಯನ್ನು ಸುಮಾರು ಎರಡು ಲೀಟರ್ ನೀರಿನಲ್ಲಿ ಮುಳುಗಿಸಿ, ಸಣ್ಣ ತಂತಿಯ ಮೂಲಕ ವಿದ್ಯುತ್ ಹರಿಸಿ ಬಿಲ್ಲೆಯನ್ನು ಹೊತ್ತಿಸಿದರೆ, ಒಂದಿಷ್ಟೂ ಮಸಿ ಉಳಿಯದಂತೆ ಅದು ಕ್ಷಣಮಾತ್ರದಲ್ಲಿ ಉರಿದುಹೋಗುತ್ತದೆ. ನೀರಿನ ಉಷ್ಣತೆ ಏರುವುದು ಎರಡು ಮೂರು ಡಿಗ್ರಿ ಮಾತ್ರ. ಅದನ್ನು ಡಿಗ್ರಿಯ ಸಾವಿರದ ಒಂದು ಭಾಗದವರೆಗೆ ನಿಖರವಾಗಿ ಓದುತ್ತಾರೆ. ಪಾತ್ರೆಯೇ ನುಂಗಿಕೊಳ್ಳುವ ಶಾಖವೆಷ್ಟು ಎಂದು ತಿಳಿಯಲು ಮೊದಲು ಶುದ್ಧ ಬೆಂಜೋಯಿಕ್ ಆಮ್ಲವನ್ನು ಸುಟ್ಟು ನೋಡುತ್ತಾರೆ. ಅದು ಗ್ರಾಂಗೆ 26.4 ಕಿಲೊಜೂಲ್ ಶಾಖ ಕೊಡುತ್ತದೆಂದು ಗೊತ್ತಿರುವುದರಿಂದ ಉಪಕರಣದ ತಿದ್ದುಪಡಿ ಸಿಕ್ಕಿಬಿಡುತ್ತದೆ.

ನಿಮ್ಮ ಮಕ್ಕಳೂ ಇದೇ ಉಪಾಯವನ್ನು ಅನುಸರಿಸಬಹುದು. ಕಡಲೆಕಾಯಿಯಿಂದ ನಿಮ್ಮ ಡಬ್ಬಿ ಶಾಖದ ಎಷ್ಟು ಪಾಲನ್ನು ಹಿಡಿಯುತ್ತದೆಂದು ಕಂಡುಕೊಂಡು, ಅದೇ ತಿದ್ದುಪಡಿಯನ್ನು ಗೋಡಂಬಿಗೂ ಒಣಕೊಬ್ಬರಿಗೂ ಅನ್ವಯಿಸಿ ನೋಡಲಿ. ಇಡ್ಲಿಯನ್ನು ಮಾತ್ರ ಹೊತ್ತಿಸಲು ಹೋಗಬೇಡಿ. ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇರುವುದರಿಂದ ಅದು ಉರಿಯುವುದಿಲ್ಲ.

ಪ್ರಶ್ನೆ: ಬಿಸ್ಕತ್ತಿನ ಪೊಟ್ಟಣದ ಮೇಲೆ ಇಂತಿಷ್ಟು ಕಿಲೊಕ್ಯಾಲೊರಿ ಎಂದು ಮುದ್ರಿಸಿರುತ್ತಾರೆ. ಕಾರ್ಖಾನೆಯಲ್ಲಿ ಪ್ರತಿಯೊಂದು ತಿನಿಸನ್ನೂ ಸುಟ್ಟು ನೋಡುತ್ತಾರೆಯೇ? ಬೆಂಕಿಯಲ್ಲಿ ಸುಡುವುದೂ ಹೊಟ್ಟೆಯಲ್ಲಿ ಅರಗುವುದೂ ಒಂದೇ ಹೇಗಾಗುತ್ತದೆ?
– ನಿವೃತ್ತ ಬ್ಯಾಂಕ್ ಉದ್ಯೋಗಿ, ಧಾರವಾಡ

ಉತ್ತರ: ಸುಡುವುದಿಲ್ಲ, ಲೆಕ್ಕ ಹಾಕುತ್ತಾರೆ. ಒಲೆಯಲ್ಲಿ ಒಣಗಿಸಿ ತೇವಾಂಶವನ್ನು, ದ್ರಾವಕದಲ್ಲಿ ಕರಗಿಸಿ ಕೊಬ್ಬನ್ನು, ಸಾರಜನಕದ ಪ್ರಮಾಣದಿಂದ ಪ್ರೊಟೀನನ್ನು, ಕುಲುಮೆಯಲ್ಲಿ ಉಳಿಯುವ ಬೂದಿಯಿಂದ ಖನಿಜಾಂಶವನ್ನು ಅಳೆದು, ಇವೆಲ್ಲವನ್ನೂ ನೂರರಿಂದ ಕಳೆದು ಉಳಿದದ್ದನ್ನು ಕಾರ್ಬೋಹೈಡ್ರೇಟ್ ಎಂದು ಪರಿಗಣಿಸುವುದು ಹಳೆಯ ಪದ್ಧತಿ. ಆಮೇಲೆ ಪ್ರೊಟೀನಿಗೆ ಗ್ರಾಂಗೆ 4, ಕೊಬ್ಬಿಗೆ 9, ಕಾರ್ಬೋಹೈಡ್ರೇಟಿಗೆ 4 ಕಿಲೊಕ್ಯಾಲೊರಿಯಂತೆ ಗುಣಿಸಿ ಕೂಡುತ್ತಾರೆ. 100 ಗ್ರಾಂ ಬಿಸ್ಕತ್ತಿನಲ್ಲಿ 7 ಗ್ರಾಂ ಪ್ರೊಟೀನ್, 14 ಗ್ರಾಂ ಕೊಬ್ಬು, 76 ಗ್ರಾಂ ಕಾರ್ಬೋಹೈಡ್ರೇಟ್ ಇದ್ದರೆ 28, 126, 304, ಒಟ್ಟು 458. ಬ್ಯಾಂಕಿನಲ್ಲಿ ಕೆಲಸ ಮಾಡಿದವರಿಗೆ ಈ ಕೂಡುಲೆಕ್ಕ ಕಷ್ಟವಾಗಲಾರದು. ಮುಂದಿನ ಸಲ ಪೊಟ್ಟಣ ಕೈಗೆ ಬಂದಾಗ ಪರೀಕ್ಷಿಸಿ ನೋಡಿ.

ನಿಮ್ಮ ಎರಡನೆಯ ಪ್ರಶ್ನೆ ಮೊದಲನೆಯದಕ್ಕಿಂತ ಆಳವಾದದ್ದು. ಉಸಿರಾಟವೂ ಒಂದು ಬಗೆಯ ನಿಧಾನವಾದ ದಹನವೇ ಎಂದು 1780ರ ದಶಕದಲ್ಲಿ ಪ್ಯಾರಿಸ್ಸಿನ ಲಾವೊಸಿಯೆ ಮತ್ತು ಲಾಪ್ಲಾಸ್ ತೋರಿಸಿದ್ದರು. ಗಿನಿ ಇಲಿಯೊಂದನ್ನು ಮಂಜುಗಡ್ಡೆ ಸುತ್ತುವರಿದ ಪೆಟ್ಟಿಗೆಯಲ್ಲಿಟ್ಟು, ಅದರ ಮೈಶಾಖಕ್ಕೆ ಎಷ್ಟು ಮಂಜು ಕರಗಿತು ಎಂಬುದನ್ನು ಅವರು ತೂಗಿದರು. ನೂರು ವರ್ಷಗಳ ನಂತರ, 1890ರ ದಶಕದಲ್ಲಿ, ಅಮೆರಿಕದ ವಿಲ್ಬರ್ ಆಟ್‌ವಾಟರ್ ಎಂಬ ರಸಾಯನಶಾಸ್ತ್ರಜ್ಞರು ಮಿಡಲ್‌ಟೌನಿನ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಮನುಷ್ಯನೇ ಒಳಗಿದ್ದು ಉಣ್ಣಬಹುದಾದ, ಮಲಗಬಹುದಾದ, ಸೈಕಲ್ ತುಳಿಯಬಹುದಾದ ಒಂದು ಕೋಣೆಯನ್ನು ಭೌತವಿಜ್ಞಾನಿ ರೋಸಾ ಅವರೊಂದಿಗೆ ಸೇರಿ ಕಟ್ಟಿದರು. ಕೋಣೆಯ ಕೊಳವೆಗಳಲ್ಲಿ ಹರಿಯುವ ನೀರು ಒಳಗಿರುವವನ ಮೈಶಾಖವನ್ನು ಹೊತ್ತೊಯ್ಯುತ್ತಿತ್ತು. ಅವನು ಉಂಡದ್ದು, ವಿಸರ್ಜಿಸಿದ್ದು, ಉಸಿರಾಡಿದ್ದು ಎಲ್ಲವನ್ನೂ ಅಳೆಯಲಾಗುತ್ತಿತ್ತು. ಒಳಗೆ ಹೋದ ಶಕ್ತಿಯೂ ಹೊರಗೆ ಬಂದ ಶಕ್ತಿಯೂ ತಾಳೆಯಾದವು.

ಹಾಗೆಂದು ಬಾಂಬ್ ಕ್ಯಾಲೊರಿಮೀಟರಿನ ಅಂಕಿ ಹಾಗೆಯೇ ಊಟಕ್ಕೆ ಸಲ್ಲುವುದಿಲ್ಲ. ಉದಾಹರಣೆಗೆ ಪ್ರೊಟೀನನ್ನು ಸುಟ್ಟರೆ ಗ್ರಾಂಗೆ ಸುಮಾರು 5.65 ಕಿಲೊಕ್ಯಾಲೊರಿ ಬರುತ್ತದೆ. ದೇಹವು ಅದರ ಸಾರಜನಕವನ್ನು ಉರಿಸಲಾರದೆ ಯೂರಿಯಾ ರೂಪದಲ್ಲಿ ಮೂತ್ರದೊಡನೆ ಹೊರಹಾಕುವಾಗ 1.25ರಷ್ಟು ಹೋಗುತ್ತದೆ, ಉಳಿದದ್ದರಲ್ಲಿ ಜೀರ್ಣವಾಗುವುದು ಶೇ 92ರಷ್ಟು. ಗುಣಿಸಿದರೆ 4ರ ಆಸುಪಾಸಿನ ಅಂಕಿ ಬರುತ್ತದೆ. ಆಟ್‌ವಾಟರ್ ಅವರ 4, 9, 4 ಎಂಬ ಗುಣಕಗಳು ಹುಟ್ಟಿದ್ದು ಹೀಗೆ.

ಹತ್ತಿಯ ನೂಲನ್ನು ಬಾಂಬಿನೊಳಗೆ ಸುಟ್ಟರೆ ಗ್ರಾಂಗೆ ಸುಮಾರು 4.2 ಕಿಲೊಕ್ಯಾಲೊರಿ, ಅಕ್ಕಿಯ ಪಿಷ್ಟವನ್ನು ಸುಟ್ಟರೂ ಹೆಚ್ಚುಕಡಿಮೆ ಅಷ್ಟೇ. ಎರಡೂ ಗ್ಲೂಕೋಸ್ ಕೊಂಡಿಗಳಿಂದಾದ ಸರಪಳಿಗಳೇ. ಆದರೆ ನೂಲಿನಲ್ಲಿರುವ ಸೆಲ್ಯುಲೋಸಿನ ಕೊಂಡಿಯನ್ನು ಬಿಡಿಸುವ ಕಿಣ್ವ ಮನುಷ್ಯನಲ್ಲಿಲ್ಲ. ಹಸುವಿಗೂ ಇಲ್ಲ, ಅದರ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳಿಗಿದೆ. ನಾವು ತಿನ್ನುವ ನಾರಿನಲ್ಲಿ ಕರುಳಿನ ಬ್ಯಾಕ್ಟೀರಿಯಾಗಳು ಒಂದಿಷ್ಟನ್ನು ಹುದುಗಿಸಿ ನಮಗೆ ಕೊಡುವುದರಿಂದ ನಾರಿನಂಶಕ್ಕೆ ಗ್ರಾಂಗೆ 2 ಕಿಲೊಕ್ಯಾಲೊರಿ ಎಂದು ಈಗ ಗಣಿಸುತ್ತಾರೆ. ಗುಣಕಗಳೂ ಎಲ್ಲ ಕಡೆಯೂ ನಿಖರವಲ್ಲ. ಅಮೆರಿಕದ ಕೃಷಿ ಇಲಾಖೆಯ ಸಂಶೋಧಕರು ಸ್ವಯಂಸೇವಕರಿಗೆ ಬಾದಾಮಿ ತಿನ್ನಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 28 ಗ್ರಾಂ ಬಾದಾಮಿಯಿಂದ ದೇಹಕ್ಕೆ ಸಿಕ್ಕಿದ್ದು ಸುಮಾರು 129 ಕಿಲೊಕ್ಯಾಲೊರಿ; ಗುಣಕಗಳ ಲೆಕ್ಕ ಹೇಳಿದ್ದು ಸುಮಾರು 170. ಜಗಿದರೂ ಒಡೆಯದ ಕೋಶಗಳೊಳಗಿನ ಕೊಬ್ಬು ಜೀರ್ಣವಾಗದೆ ಹೊರಹೋಗುವುದೇ ಇದಕ್ಕೆ ಕಾರಣ. ಪೊಟ್ಟಣದ ಅಂಕಿಯನ್ನು ಒಂದು ಒಳ್ಳೆಯ ಅಂದಾಜೆಂದು ಸ್ವೀಕರಿಸಿ. ಕೊನೆಯ ಅಂಕಿಯವರೆಗೆ ನಂಬುವ ಅಗತ್ಯವಿಲ್ಲ.

ಪ್ರಶ್ನೆ: ರಾಗಿಯಲ್ಲಿ ಅಕ್ಕಿಗಿಂತ ಕ್ಯಾಲೊರಿ ಕಡಿಮೆ ಎಂದು ಓದಿ, ಅನ್ನ ಬಿಟ್ಟು ಎರಡು ಹೊತ್ತೂ ಮುದ್ದೆ ಉಣ್ಣುತ್ತಿದ್ದೇನೆ. ತೂಕ ಇಳಿಯುವ ಬದಲು ಏರಿದೆ. ಕಾರಣವೇನು?
– ಓದುಗರೊಬ್ಬರು, ತುಮಕೂರು

ಉತ್ತರ: ನೀವು ಓದಿದ್ದು ಸುಳ್ಳಲ್ಲ, ಆದರೆ ವ್ಯತ್ಯಾಸ ಬಹಳ ಸಣ್ಣದು. ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಭಾರತೀಯ ಆಹಾರಗಳ ಕೋಷ್ಟಕದಂತೆ 100 ಗ್ರಾಂ ರಾಗಿಯಲ್ಲಿ ಸುಮಾರು 320 ಕಿಲೊಕ್ಯಾಲೊರಿಯೂ ಪಾಲಿಷ್ ಮಾಡಿದ ಅಕ್ಕಿಯಲ್ಲಿ ಸುಮಾರು 356 ಕಿಲೊಕ್ಯಾಲೊರಿಯೂ ಇವೆ. ಮುದ್ದೆಯ ಗಾತ್ರ ಈ ವ್ಯತ್ಯಾಸವನ್ನು ಸುಲಭವಾಗಿ ನುಂಗಿಬಿಡುತ್ತದೆ. 80 ಗ್ರಾಂ ಹಿಟ್ಟಿನ ಎರಡು ಮುದ್ದೆ ಉಂಡರೆ 500 ಕಿಲೊಕ್ಯಾಲೊರಿ ದಾಟುತ್ತದೆ. ಮೊದಲು ನೀವು 75 ಗ್ರಾಂ ಅಕ್ಕಿಯ ಅನ್ನ ಉಣ್ಣುತ್ತಿದ್ದಿರಾದರೆ ಅದು 270ಕ್ಕಿಂತ ಹೆಚ್ಚಿರಲಿಲ್ಲ. ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ ಎಂಬ ಗಾದೆ ಹುಟ್ಟಿದ್ದು ದಿನವಿಡೀ ಹೊಲದಲ್ಲಿ ದುಡಿಯುವವರ ನಡುವೆ.

ಹಸಿ ತೂಕ ಮತ್ತು ಬೆಂದ ತೂಕಗಳ ಗೊಂದಲವೂ ಇಲ್ಲಿ ಸೇರಿರಬಹುದು. ಕೋಷ್ಟಕಗಳು ಹೇಳುವುದು ಬೇಯಿಸದ ಧಾನ್ಯದ ಲೆಕ್ಕ. ಅಕ್ಕಿ ಬೆಂದಾಗ ನೀರು ಹೀರಿ ಎರಡೂವರೆಯಿಂದ ಮೂರು ಪಟ್ಟು ತೂಗುವುದರಿಂದ 100 ಗ್ರಾಂ ಅನ್ನದಲ್ಲಿ 120ರಿಂದ 140 ಕಿಲೊಕ್ಯಾಲೊರಿ ಮಾತ್ರ ಇರುತ್ತದೆ.

ರಾಗಿಯ ಹಿರಿಮೆ ಬೇರೆ ಕಡೆ ಇದೆ. 100 ಗ್ರಾಂ ರಾಗಿಯಲ್ಲಿ 360 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದ್ದರೆ ಅಕ್ಕಿಯಲ್ಲಿ 10 ಮಿಲಿಗ್ರಾಂ ಕೂಡ ಇಲ್ಲ. ನಾರಿನಂಶ ಅಕ್ಕಿಯಲ್ಲಿ 3 ಗ್ರಾಂಗಿಂತ ಕಡಿಮೆ, ರಾಗಿಯಲ್ಲಿ 11 ಗ್ರಾಂ. ಮುದ್ದೆಯನ್ನು ಬಿಡಬೇಡಿ. ಒಂದನ್ನು ಕಡಿಮೆ ಮಾಡಿ, ಆ ಜಾಗಕ್ಕೆ ಮಸ್ಸೊಪ್ಪನ್ನೋ ಕಾಳಿನ ಪಲ್ಯವನ್ನೋ ಬಡಿಸಿಕೊಳ್ಳಿ.

ಪ್ರಶ್ನೆ: ತುಪ್ಪ ಎಣ್ಣೆಗಿಂತ ಹಗುರ, ಆದ್ದರಿಂದ ಎಷ್ಟು ತಿಂದರೂ ಕೊಬ್ಬು ಬರುವುದಿಲ್ಲ ಎನ್ನುವುದು ನಿಜವೇ?
– ಗೃಹಿಣಿ, ಶಿವಮೊಗ್ಗ

ಉತ್ತರ: ನಿಜವಲ್ಲ. ತುಪ್ಪ, ಶೇಂಗಾ ಎಣ್ಣೆ, ಕೊಬ್ಬರಿ ಎಣ್ಣೆ, 'ಲೈಟ್' ಎಂದು ಮಾರುವ ಎಣ್ಣೆ, ಎಲ್ಲವೂ ಗ್ರಾಂಗೆ 9 ಕಿಲೊಕ್ಯಾಲೊರಿ. ಒಂದು ದೊಡ್ಡ ಚಮಚದಲ್ಲಿ 120 ಇರುತ್ತದೆ. ಇವುಗಳಲ್ಲಿರುವ ಕೊಬ್ಬಿನ ಆಮ್ಲಗಳ ಬಗೆ ಬೇರೆ ಬೇರೆ, ಶಕ್ತಿ ಒಂದೇ. ತುಪ್ಪದಲ್ಲಿ ಸಂತೃಪ್ತ ಕೊಬ್ಬು ಹೆಚ್ಚಿರುವುದರಿಂದ ಅದಕ್ಕೆ ಮಿತಿ ಹಾಕಬೇಕಾದ ಕಾರಣ ಇನ್ನೂ ಒಂದಿದೆ. ಒಬ್ಬಟ್ಟಿನ ಮೇಲೆ ಹಾಕಿಕೊಳ್ಳುವುದಕ್ಕೆ ಯಾರ ಆಕ್ಷೇಪವೂ ಇಲ್ಲ. ದಿನನಿತ್ಯದ ಲೆಕ್ಕದಿಂದ ಅದನ್ನು ಹೊರಗಿಡುವುದಕ್ಕೆ ಮಾತ್ರ ಆಕ್ಷೇಪ.

ಪ್ರಶ್ನೆ: ಒಂದು ತುಂಡು ಮೈಸೂರು ಪಾಕ್ ತಿಂದರೆ ಅದನ್ನು ಕರಗಿಸಲು ಎಷ್ಟು ದೂರ ನಡೆಯಬೇಕು? ದೇಹ ಖರ್ಚು ಮಾಡುವ ಶಕ್ತಿಯನ್ನು ಹೇಗೆ ಅಳೆಯುತ್ತಾರೆ?
– ಎಂಜಿನಿಯರಿಂಗ್ ವಿದ್ಯಾರ್ಥಿ, ಮೈಸೂರು

ಉತ್ತರ: ತುಪ್ಪ ಧಾರಾಳವಾಗಿರುವ 40 ಗ್ರಾಂ ತೂಕದ ತುಂಡಿನಲ್ಲಿ 200 ಕಿಲೊಕ್ಯಾಲೊರಿ ಮೀರುತ್ತದೆ. 60 ಕಿಲೊ ತೂಕದವರು ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ಒಂದು ಗಂಟೆ ನಡೆದರೆ ಖರ್ಚಾಗುವುದು ಸುಮಾರು 200. ಲೆಕ್ಕ ಸರಿಹೋಯಿತು ಎನ್ನಬೇಡಿ; ಆ ಒಂದು ಗಂಟೆ ಸುಮ್ಮನೆ ಕುಳಿತಿದ್ದರೂ 60 ಖರ್ಚಾಗುತ್ತಿತ್ತು. ನಡಿಗೆಗೆಂದೇ ಹೆಚ್ಚಾಗಿ ವ್ಯಯವಾದದ್ದು 140. ಹಾಗಾಗಿ ಆ ತುಂಡಿಗೆ ಒಂದೂವರೆ ಗಂಟೆಯ ನಡಿಗೆ ಬೇಕು. ನಡಿಗೆಯ ಪ್ರಯೋಜನ ಹೃದಯಕ್ಕೆ, ಸ್ನಾಯುಗಳಿಗೆ, ರಕ್ತದ ಸಕ್ಕರೆಗೆ ಬಹಳವಿದೆ; ಸಿಹಿಯ ಸಾಲ ತೀರಿಸಲು ಮಾತ್ರ ಅದನ್ನು ನೆಚ್ಚಿಕೊಳ್ಳಬಾರದು.

ಖರ್ಚನ್ನು ಅಳೆಯುವ ಅತ್ಯಂತ ಸೊಗಸಾದ ವಿಧಾನದಲ್ಲಿ ವ್ಯಕ್ತಿಯನ್ನು ಕೋಣೆಯಲ್ಲಿ ಕೂಡಿಹಾಕುವ ಅಗತ್ಯವೇ ಇಲ್ಲ. ಹೈಡ್ರೋಜನ್ ಮತ್ತು ಆಮ್ಲಜನಕ ಎರಡೂ ತಮ್ಮ ಭಾರವಾದ, ವಿಕಿರಣವಿಲ್ಲದ ರೂಪದಲ್ಲಿರುವ ನೀರನ್ನು ಕುಡಿಸುತ್ತಾರೆ. ಭಾರದ ಹೈಡ್ರೋಜನ್ ದೇಹದಿಂದ ನೀರಾಗಿ ಮಾತ್ರ ಹೊರಹೋಗುತ್ತದೆ. ಭಾರದ ಆಮ್ಲಜನಕ ನೀರಾಗಿಯೂ, ಉಸಿರಿನ ಇಂಗಾಲದ ಡೈಆಕ್ಸೈಡ್ ಆಗಿಯೂ ಹೋಗುತ್ತದೆ. ಒಂದೆರಡು ವಾರ ಮೂತ್ರದ ಮಾದರಿಗಳನ್ನು ಪರೀಕ್ಷಿಸಿ, ಎರಡೂ ಕಡಿಮೆಯಾಗುವ ವೇಗಗಳ ವ್ಯತ್ಯಾಸ ನೋಡಿದರೆ, ಎಷ್ಟು ಇಂಗಾಲದ ಡೈಆಕ್ಸೈಡ್ ಉತ್ಪತ್ತಿಯಾಯಿತು, ಅದರಿಂದ ಎಷ್ಟು ಶಕ್ತಿ ಖರ್ಚಾಯಿತು ಎಂದು ತಿಳಿಯುತ್ತದೆ. ಆ ಅವಧಿಯಲ್ಲಿ ವ್ಯಕ್ತಿ ತನ್ನ ಪಾಡಿಗೆ ತಾನು ಹೊಲದಲ್ಲೋ ಕಚೇರಿಯಲ್ಲೋ ಕೆಲಸ ಮಾಡಿಕೊಂಡಿರಬಹುದು.

ಪ್ರಶ್ನೆ: ಇಲ್ಲಿನ ಪೊಟ್ಟಣಗಳ ಮೇಲೆ ಕಿಲೊಜೂಲ್ ಎಂದಿರುತ್ತದೆ. ಊರಿನಿಂದ ಅಮ್ಮ ಹೇಳುವ ಕ್ಯಾಲೊರಿಗೆ ಹೇಗೆ ಹೊಂದಿಸಲಿ?
– ಮೆಲ್ಬರ್ನ್‌ನಲ್ಲಿರುವ ಕನ್ನಡಿಗ ಓದುಗರು

ಉತ್ತರ: ಒಂದು ಕಿಲೊಕ್ಯಾಲೊರಿ ಎಂದರೆ ಸುಮಾರು 4.18 ಕಿಲೊಜೂಲ್. 4.2ರಿಂದ ಭಾಗಿಸಿದರೆ ಸಾಕು. ಆಸ್ಟ್ರೇಲಿಯಾದಲ್ಲಿ ವಯಸ್ಕರ ಸರಾಸರಿಯೆಂದು ಬಳಸುವ 8,700 ಕಿಲೊಜೂಲ್ ಸುಮಾರು 2,080 ಕಿಲೊಕ್ಯಾಲೊರಿಗೆ ಸಮ. ನಮ್ಮಲ್ಲಿ ಜನ ಬರಿದೆ 'ಕ್ಯಾಲೊರಿ' ಎಂದಾಗಲೂ ಅವರ ಮನಸ್ಸಿನಲ್ಲಿರುವುದು ಕಿಲೊಕ್ಯಾಲೊರಿಯೇ. ಅಮ್ಮನ 2,000 ಕ್ಯಾಲೊರಿಯನ್ನು ಅಕ್ಷರಶಃ ತೆಗೆದುಕೊಂಡರೆ ದಿನಕ್ಕೆ ಅರ್ಧ ಚಮಚ ಸಕ್ಕರೆಯೂ ದಕ್ಕದು.

ಪ್ರಶ್ನೆ: ನಮ್ಮೂರಿನ ಶಾಲೆಯ ಬಿಸಿಯೂಟದಲ್ಲಿ ಸಾಂಬಾರು ತೀರ ತೆಳ್ಳಗಿರುತ್ತದೆ. ಕೇಳಿದರೆ, 'ಅನ್ನ ಧಾರಾಳವಾಗಿ ಬಡಿಸುತ್ತೇವೆ, 450 ಕ್ಯಾಲೊರಿಯ ನಿಯಮ ಪೂರೈಸುತ್ತದೆ' ಎಂಬ ಉತ್ತರ ಬರುತ್ತದೆ. ಇದು ಸರಿಯೇ?
– ಶಾಲಾಭಿವೃದ್ಧಿ ಸಮಿತಿಯ ಸದಸ್ಯರು, ರಾಯಚೂರು ಜಿಲ್ಲೆ

ಉತ್ತರ: ಅರ್ಧ ನಿಯಮವನ್ನಷ್ಟೇ ಹೇಳುತ್ತಿದ್ದಾರೆ. ಕಿರಿಯ ಪ್ರಾಥಮಿಕ ತರಗತಿಯ ಮಗುವಿನ ಬಿಸಿಯೂಟದಲ್ಲಿ 450 ಕಿಲೊಕ್ಯಾಲೊರಿಯ ಜೊತೆಗೆ 12 ಗ್ರಾಂ ಪ್ರೊಟೀನ್ ಇರಬೇಕು. ಹಿರಿಯ ಪ್ರಾಥಮಿಕದವರಿಗೆ 700 ಕಿಲೊಕ್ಯಾಲೊರಿ ಮತ್ತು 20 ಗ್ರಾಂ. ಕಿರಿಯರಿಗೆ ತಲಾ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ ಎಂದು ನಿಗದಿಯಾಗಿದೆ.

ಈ ಪ್ರಮಾಣವನ್ನು ಲೆಕ್ಕ ಹಾಕಿ ನೋಡೋಣ. 100 ಗ್ರಾಂ ಅಕ್ಕಿಯಿಂದ 356, 20 ಗ್ರಾಂ ತೊಗರಿಬೇಳೆಯಿಂದ ಸುಮಾರು 66, ಎಣ್ಣೆಯಿಂದ 45, ತರಕಾರಿಯಿಂದ ಹದಿನೈದಿಪ್ಪತ್ತು, ಒಟ್ಟು 480ರ ಸುಮಾರು. ಪ್ರೊಟೀನ್ ಅಕ್ಕಿಯಿಂದ 8 ಗ್ರಾಂ, ಬೇಳೆಯಿಂದ 4 ಗ್ರಾಂ, ಒಟ್ಟು 12. ಎರಡೂ ನಿಯಮಗಳು ಆಗಷ್ಟೇ ಮುಟ್ಟುತ್ತವೆ. ಕಳೆದುಕೊಳ್ಳಲು ಏನೂ ಉಳಿದಿರುವುದಿಲ್ಲ. ಬೇಳೆಯನ್ನು ಕೈಬಿಟ್ಟು 126 ಗ್ರಾಂ ಅಕ್ಕಿ ಹಾಕಿದರೆ 450 ಕಿಲೊಕ್ಯಾಲೊರಿ ಪೂರೈಸುತ್ತದೆ ನಿಜ, ಆದರೆ ಪ್ರೊಟೀನ್ 10 ಗ್ರಾಂಗೆ ಇಳಿಯುತ್ತದೆ. ಕೊರತೆ ಎರಡೇ ಗ್ರಾಂ ಅಲ್ಲವೇ ಎಂದು ಅವರು ಹೇಳಬಹುದು. ಅಕ್ಕಿಯ ಪ್ರೊಟೀನಿನಲ್ಲಿ ಲೈಸೀನ್ ಎಂಬ ಅಮೈನೋ ಆಮ್ಲ ಕಡಿಮೆ, ಬೇಳೆಯಲ್ಲಿ ಹೆಚ್ಚು. ಬೇಳೆಯಲ್ಲಿ ಮಿಥಿಯೋನೀನ್ ಕಡಿಮೆ, ಅದನ್ನು ಅಕ್ಕಿ ತುಂಬಿಕೊಡುತ್ತದೆ. ಬೇಳೆ ಹೋದರೆ, ಉಳಿದ 10 ಗ್ರಾಂ ಕೂಡ ಮಗುವಿನ ಬೆಳವಣಿಗೆಗೆ ಪೂರ್ಣವಾಗಿ ಒದಗುವುದಿಲ್ಲ.

ಮೊಟ್ಟೆಯ ವಿಷಯದಲ್ಲೂ ಇದೇ ಮಾತು. ಒಂದು ಮೊಟ್ಟೆಯಲ್ಲಿ ಸುಮಾರು 70 ಕಿಲೊಕ್ಯಾಲೊರಿ ಮತ್ತು 6 ಗ್ರಾಂ ಪ್ರೊಟೀನ್ ಇವೆ; ಮೊಟ್ಟೆ ತಿನ್ನದ ಮಗುವಿಗೆ ಕೊಡುವ ಬಾಳೆಹಣ್ಣಿನಲ್ಲಿ ಶಕ್ತಿ ಅಷ್ಟೇ ಅಥವಾ ಸ್ವಲ್ಪ ಹೆಚ್ಚಿದ್ದರೂ ಪ್ರೊಟೀನ್ ಇರುವುದು ಒಂದು ಗ್ರಾಂ ಸುಮಾರು. ಕ್ಯಾಲೊರಿಯ ತಕ್ಕಡಿಯಲ್ಲಿ ಸಮನಾಗಿ ತೂಗಿದ ಮಾತ್ರಕ್ಕೆ ಒಂದರ ಬದಲಿಗೆ ಇನ್ನೊಂದು ಸಲ್ಲುವುದಿಲ್ಲ. ಮುಂದಿನ ಸಭೆಯಲ್ಲಿ ಸಾಂಬಾರಿನ ದಪ್ಪವನ್ನು ಚರ್ಚಿಸುವುದಕ್ಕಿಂತ, ಆ ದಿನದ ಹಾಜರಾತಿಯನ್ನು ಇಪ್ಪತ್ತು ಗ್ರಾಂನಿಂದ ಗುಣಿಸಿ, ಉಗ್ರಾಣದಿಂದ ಅಷ್ಟು ಬೇಳೆ ಹೊರಬಂದಿತೇ ಎಂದು ದಾಸ್ತಾನು ಪುಸ್ತಕದಲ್ಲಿ ನೋಡುವುದು ಒಳಿತು. ಅಡುಗೆಯವರನ್ನು ದೂರುವ ಮೊದಲು ಬೇಳೆ ಸಕಾಲದಲ್ಲಿ ಸರಬರಾಜಾಗಿದೆಯೇ ಎಂಬುದನ್ನೂ ವಿಚಾರಿಸಿ.

ಪ್ರಶ್ನೆ: ನಮ್ಮ ಮನೆಯಲ್ಲಿ ನಾಲ್ವರು. ಪತಿ ಹೊಲದಲ್ಲಿ ದುಡಿಯುತ್ತಾರೆ, ನಾನು ಹೊಲಿಗೆ ಕೆಲಸ ಮಾಡುತ್ತೇನೆ, ಮಗಳಿಗೆ 14 ವರ್ಷ, ಅತ್ತೆಗೆ 70. ಮಗಳು ಮೊಬೈಲಿನ ಆ್ಯಪ್ ನೋಡಿ ಎಲ್ಲರಿಗೂ 2,000 ಕ್ಯಾಲೊರಿ ಎನ್ನುತ್ತಾಳೆ. ಒಂದೇ ಅಡುಗೆಯಲ್ಲಿ ಎಲ್ಲರಿಗೂ ಸಮತೋಲನ ಆಹಾರ ಕೊಡುವುದು ಹೇಗೆ?
– ಓದುಗ ಸೋದರಿ, ಗದಗ ಜಿಲ್ಲೆ

ಉತ್ತರ: 2,000 ಎನ್ನುವುದು ಪೊಟ್ಟಣಗಳ ಮೇಲೆ ಶೇಕಡಾವಾರು ಮುದ್ರಿಸಲು ಇಟ್ಟುಕೊಂಡ ಒಂದು ಸಾಮಾನ್ಯ ಅಂಕಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನ ಪ್ರಕಾರ, 65 ಕಿಲೊ ತೂಕದ ಪುರುಷ ಕುಳಿತು ಕೆಲಸ ಮಾಡುವವನಾದರೆ 2,110, ಮಧ್ಯಮ ಶ್ರಮದವನಾದರೆ 2,710, ಕಠಿಣ ಶ್ರಮದವನಾದರೆ 3,470 ಕಿಲೊಕ್ಯಾಲೊರಿ ಬೇಕು. 55 ಕಿಲೊ ತೂಕದ ಮಹಿಳೆಗೆ ಇವೇ ಅಂಕಿಗಳು 1,660, 2,130 ಮತ್ತು 2,720. ಹದಿಮೂರರಿಂದ ಹದಿನೈದರ ಹುಡುಗಿಗೆ 2,400. ಅಂದರೆ ನಿಮ್ಮ ಮಗಳಿಗೆ ನಿಮಗಿಂತ ಹೆಚ್ಚು ಬೇಕು. ಅವಳು ತಟ್ಟೆಯಲ್ಲಿ ಕಡಿಮೆ ಮಾಡಿಕೊಳ್ಳುತ್ತಿದ್ದರೆ ಮೊದಲು ಆ್ಯಪನ್ನು ಬಿಡಿಸಿ.

ಅಡುಗೆ ಒಂದೇ ಆಗಿರಲಿ, ಬಡಿಸುವ ಪ್ರಮಾಣ ಬೇರೆಯಾಗಲಿ. ಶ್ರಮ ಹೆಚ್ಚಿದಂತೆ ಹೆಚ್ಚಬೇಕಾದದ್ದು ಮುಖ್ಯವಾಗಿ ರೊಟ್ಟಿ, ಅನ್ನ; ಶ್ರಮ ಕಡಿಮೆಯಾದರೆ ಇಳಿಯಬೇಕಾದದ್ದೂ ಅದೇ. ಕಾಳು, ಸೊಪ್ಪು, ಮೊಸರು ಎಲ್ಲರಿಗೂ ಹೆಚ್ಚುಕಡಿಮೆ ಸಮನಾಗಿರಲಿ. ವಯಸ್ಸಾದಂತೆ ಶಕ್ತಿಯ ಅಗತ್ಯ ಇಳಿಯುತ್ತದೆ, ಪ್ರೊಟೀನಿನ ಅಗತ್ಯ ಇಳಿಯುವುದಿಲ್ಲ. ಆದರೆ ಅನೇಕ ಮನೆಗಳಲ್ಲಿ ಹಿರಿಯರಿಗೆ ಹಗುರವಾಗಿರಲೆಂದು ಗಂಜಿ, ತಿಳಿಸಾರು ಅನ್ನ ಮಾತ್ರ ಕೊಡುವ ರೂಢಿಯಿದೆ. ಅತ್ತೆಯವರಿಗೆ ಮೆತ್ತಗೆ ಬೇಯಿಸಿದ ಹೆಸರುಬೇಳೆ, ಮೊಸರು, ರೂಢಿಯಿದ್ದರೆ ಮೊಟ್ಟೆ ಕೊಡಿ. ಮೂತ್ರಪಿಂಡದ ತೊಂದರೆ ಇದ್ದರೆ ಮಾತ್ರ ಮೊದಲು ವೈದ್ಯರನ್ನು ಕೇಳಿ.

ಮಗಳ ವಿಷಯದಲ್ಲಿ ಕ್ಯಾಲೊರಿಗಿಂತ ಕಬ್ಬಿಣಾಂಶದ ಕಡೆ ಹೆಚ್ಚು ಗಮನವಿರಲಿ. ಅವಳಿಗೆ ದಿನಕ್ಕೆ 30 ಮಿಲಿಗ್ರಾಂ, ನಿಮಗೆ 29, ಪತಿಗೆ 19. ಮೂವರಲ್ಲಿ ಕಡಿಮೆ ಉಣ್ಣುವವರಿಗೇ ಹೆಚ್ಚು ಕಬ್ಬಿಣ ಬೇಕೆಂಬುದನ್ನು ಯಾವ ಕ್ಯಾಲೊರಿ ಲೆಕ್ಕವೂ ತೋರಿಸುವುದಿಲ್ಲ. ಸೊಪ್ಪು, ಮೊಳಕೆಕಾಳುಗಳ ಮೇಲೆ ನಿಂಬೆರಸ ಹಿಂಡಿದರೆ ಅವುಗಳಲ್ಲಿರುವ ಕಬ್ಬಿಣ ಹೆಚ್ಚು ಹೀರಲ್ಪಡುತ್ತದೆ. ಊಟದ ಜೊತೆ ಅಥವಾ ಊಟವಾದ ಕೂಡಲೆ ಚಹಾ ಕುಡಿದರೆ ಕಡಿಮೆಯಾಗುತ್ತದೆ. ಚಹಾವನ್ನು ಊಟದಿಂದ ಒಂದು ಗಂಟೆ ದೂರವಿಡಿ.

ನಿಮ್ಮ ಭಾಗದ ಊಟದ ರೂಢಿ ಇದಕ್ಕೆಲ್ಲ ಅನುಕೂಲವಾಗಿಯೇ ಇದೆ. ಜೋಳದ ರೊಟ್ಟಿ, ಮಡಕೆಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು, ಜೊತೆಗೆ ಹಸಿ ಮೆಂತ್ಯೆ ಸೊಪ್ಪು, ಸೌತೆಕಾಯಿ, ಮೂಲಂಗಿ ಇರುವ ತಟ್ಟೆಗೆ ಸೇರಿಸಬೇಕಾದದ್ದು ಒಂದು ಹಣ್ಣು ಮಾತ್ರ. ತೊಂದರೆ ಬರುವುದು ರೊಟ್ಟಿಯ ಸಂಖ್ಯೆ ಹಾಗೆಯೇ ಉಳಿದು, ಪಲ್ಯ ಒಂದು ಚಮಚಕ್ಕೆ ಇಳಿದಾಗ.

ದಿನವೂ ತೂಗುವುದು ಯಾರಿಂದಲೂ ಆಗದ ಕೆಲಸ. ಅದರ ಬದಲು ತಿಂಗಳ ದಿನಸಿ ಪಟ್ಟಿಯನ್ನು ತೆಗೆದುಕೊಳ್ಳಿ. ರಾಷ್ಟ್ರೀಯ ಪೋಷಣಾ ಸಂಸ್ಥೆಯ ಮಾರ್ಗಸೂಚಿಯಲ್ಲಿ 2,000 ಕಿಲೊಕ್ಯಾಲೊರಿಯ ದಿನವೊಂದಕ್ಕೆ ಸುಮಾರು 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆಕಾಳು ಅಥವಾ ಅದರ ಬದಲಿಗೆ ಮೊಟ್ಟೆ, ಮೀನು, ಮಾಂಸ, 400 ಗ್ರಾಂ ತರಕಾರಿ ಮತ್ತು ಸೊಪ್ಪು, 100 ಗ್ರಾಂ ಹಣ್ಣು, 35 ಗ್ರಾಂ ಶೇಂಗಾ, ಎಳ್ಳಿನಂಥ ಬೀಜಗಳು, 27 ಗ್ರಾಂ ಎಣ್ಣೆ, 300 ಮಿಲಿಲೀಟರ್ ಹಾಲು ಅಥವಾ ಮೊಸರು ಎಂದಿದೆ. ಒಟ್ಟು ಶಕ್ತಿಯಲ್ಲಿ ಧಾನ್ಯದ ಪಾಲು ಶೇ 45 ಮೀರಬಾರದೆಂಬುದು ಇದರ ಆಶಯ. ನಾಲ್ವರಿಗೆ, 30 ದಿನಗಳಿಗೆ ಗುಣಿಸಿದರೆ ಧಾನ್ಯ 30 ಕಿಲೊ, ಬೇಳೆಕಾಳು 10 ಕಿಲೊ, ಶೇಂಗಾ ಮತ್ತಿತರ ಬೀಜಗಳು 4 ಕಿಲೊ, ಎಣ್ಣೆ ಮೂರೂವರೆ ಲೀಟರ್. ನಿಮ್ಮ ಪತಿ ಹೊಲದಲ್ಲಿ ದುಡಿಯುವವರಾದ್ದರಿಂದ ಧಾನ್ಯಕ್ಕೆ ಇನ್ನೊಂದು ಐದಾರು ಕಿಲೊ ಸೇರಿಸಿಕೊಳ್ಳಬಹುದು. ನನ್ನ ಅಂದಾಜಿನಲ್ಲಿ ಹೆಚ್ಚಿನ ಮನೆಗಳ ಪಟ್ಟಿಯಲ್ಲಿ ಬೇಳೆಕಾಳು ಇದರ ಅರ್ಧದಷ್ಟೂ ಇರುವುದಿಲ್ಲ, ಎಣ್ಣೆ ಮತ್ತು ಸಕ್ಕರೆ ಮಾತ್ರ ಮೀರಿರುತ್ತವೆ. ಹತ್ತು ಕಿಲೊ ಬೇಳೆ ದುಬಾರಿಯೆನಿಸಿದರೆ ತೊಗರಿಯನ್ನೇ ನೆಚ್ಚಿಕೊಳ್ಳದೆ ಹುರುಳಿ, ಅಲಸಂದೆ, ಕಡಲೆಗಳಲ್ಲಿ ಆ ತಿಂಗಳು ಅಗ್ಗವಾಗಿ ಸಿಗುವುದನ್ನು ತನ್ನಿ. ಪ್ರೊಟೀನಿನ ಮಟ್ಟಿಗೆ ಅವು ತೊಗರಿಗಿಂತ ಹೆಚ್ಚೇನೂ ಹಿಂದೆ ಬೀಳುವುದಿಲ್ಲ.